ಪ್ರಶ್ನೋತ್ತರ: ಡಿಸ್ಚಾರ್ಜ್ ಆದ ಮೇಲೆ ಯಾರ ಕೆಲಸ?

ಕೇರ್ ಕೋಆರ್ಡಿನೇಟರ್, ಅಂದರೆ ಆರೈಕೆ ಸಂಯೋಜಕರ ಕೆಲಸದ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೊಸಬರು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಸಮುದಾಯ ಆರೋಗ್ಯ ತಂಡವೊಂದಕ್ಕೆ ಕೇರ್ ಕೋಆರ್ಡಿನೇಟರ್ ಆಗಿ ಆಯ್ಕೆಯಾಗಿದ್ದೇನೆ. ನರ್ಸಿಂಗ್ ಓದಿಲ್ಲ. ನೇಮಕಾತಿ ಪತ್ರದಲ್ಲಿ ‘ಸಮನ್ವಯ’ ಅಂತಷ್ಟೇ ಇದೆ. ನಿಜವಾಗಿ ಮಾಡಬೇಕಾದ್ದೇನು?

ಒಬ್ಬರಿಗೆ ಶುಗರ್ ಇದೆ, ಹೃದಯದ ತೊಂದರೆ ಇದೆ, ಕಿಡ್ನಿಯೂ ಸ್ವಲ್ಪ ಸೋತಿದೆ ಎನ್ನಿ. ಮೂವರು ಡಾಕ್ಟರು, ಮೂರು ಫೈಲು. ಹೃದಯದ ಡಾಕ್ಟರು ನೀರಿನ ಮಾತ್ರೆ (ಮೈಯಲ್ಲಿ ಸೇರಿದ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ) ಹೆಚ್ಚಿಸಿದ್ದು ಕಿಡ್ನಿ ಡಾಕ್ಟರಿಗೆ ಗೊತ್ತಿಲ್ಲ. ಕಿಡ್ನಿ ಡಾಕ್ಟರು ಮಾಡಿಸಿದ ರಕ್ತಪರೀಕ್ಷೆಯ ವರದಿ ರೋಗಿಯ ಕಪಾಟಿನಲ್ಲಿ ಕೂತಿದೆ. ಯಾರೂ ತಪ್ಪು ಮಾಡಿಲ್ಲ, ಆದರೂ ರೋಗಿ ತಲೆಸುತ್ತಿ ಬೀಳುತ್ತಾರೆ. ಆ ಮೂರು ಫೈಲುಗಳ ನಡುವಿನ ಜಾಗವೇ ನಿಮ್ಮ ಕೆಲಸದ ಜಾಗ. ವರದಿ ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿತೇ, ಅವರು ಓದಿದರೇ, ಓದಿ ಹೇಳಿದ್ದು ರೋಗಿಗೆ ತಿಳಿಯಿತೇ, ತಿಳಿದಿದ್ದನ್ನು ಅವರಿಗೆ ಮಾಡಲು ಆಯಿತೇ: ಇಷ್ಟನ್ನೂ ಬೆನ್ನು ಹತ್ತಬೇಕು.

ರೋಗನಿರ್ಣಯ ನಿಮ್ಮದಲ್ಲ, ಔಷಧಿ ಬದಲಿಸುವುದೂ ನಿಮ್ಮದಲ್ಲ. ನರ್ಸಿಂಗ್ ಓದಿದ್ದರೆ ಅನುಕೂಲ ನಿಜ. ಆದರೆ ಈ ಕೆಲಸ ಹೆಚ್ಚಾಗಿ ಕೆಡುವುದು ವೈದ್ಯಕೀಯ ಜ್ಞಾನ ಸಾಲದೆ ಅಲ್ಲ, ‘ಅವರು ನೋಡಿಕೊಂಡಿರಬೇಕು’ ಎಂದುಕೊಳ್ಳುವುದರಿಂದ.

ಮೊದಲ ವಾರ ಒಂದು ನೋಟ್‌ಬುಕ್ಕು ಮಾಡಿ. ಬರೀ ಫೋನ್ ನಂಬರುಗಳ ಪಟ್ಟಿ ಸಾಲದು. ಲ್ಯಾಬಿನಲ್ಲಿ ಫೋನ್ ಎತ್ತುವವರು ಯಾರು, ಎಷ್ಟು ಗಂಟೆಗೆ ಮಾಡಿದರೆ ಸಿಗುತ್ತಾರೆ, ವರದಿ ಕೇಳಲು ಯಾವ ನಂಬರು ಹೇಳಬೇಕು, ಡಾಕ್ಟರ ಅಪಾಯಿಂಟ್‌ಮೆಂಟ್ ಪುಸ್ತಕ ಯಾರ ಕೈಯಲ್ಲಿದೆ, ತುರ್ತಿದ್ದರೆ ಯಾರನ್ನು ಕೇಳಬೇಕು ಎಂದು ಬರೆದಿಡಿ. ಆರು ತಿಂಗಳಾದ ಮೇಲೆ ನಿಮ್ಮ ಬಳಿ ಇರುವ ಅತ್ಯಂತ ಬೆಲೆಬಾಳುವ ವಸ್ತು ಅದೇ ಆಗಿರುತ್ತದೆ.

ಪ್ರಶ್ನೆ: ರೋಗಿ ಆಸ್ಪತ್ರೆಯಿಂದ ಮನೆಗೆ ಹೋದ ಎಷ್ಟು ದಿನಕ್ಕೆ ಫೋನ್ ಮಾಡಬೇಕು? ‘ಹೇಗಿದ್ದೀರಿ’ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಮುಂದೇನು ಕೇಳಬೇಕೋ ತಿಳಿಯುವುದಿಲ್ಲ.

ಎರಡು ಕೆಲಸದ ದಿನಗಳೊಳಗೆ ಫೋನು. ಮತ್ತೆ ಆಸ್ಪತ್ರೆ ಸೇರುವ ಅಪಾಯ ಹೆಚ್ಚಿರುವವರಿಗೆ 7 ದಿನದೊಳಗೆ ಡಾಕ್ಟರ ಭೇಟಿ, ಉಳಿದವರಿಗೆ 14 ದಿನದೊಳಗೆ. ಅಮೆರಿಕದ ಸರ್ಕಾರ ಮುಖ್ಯವಾಗಿ ಹಿರಿಯರಿಗೆ ಕೊಡುವ ಮೆಡಿಕೇರ್ ವಿಮೆ ಡಿಸ್ಚಾರ್ಜ್ ನಂತರದ ಆರೈಕೆಗೆ ಹಣ ಕೊಡುವುದು ಈ ಲೆಕ್ಕದಲ್ಲೇ, ಬೇರೆಡೆಗೂ ಒಪ್ಪುವ ಲೆಕ್ಕ ಇದು. ಅದೇ ಮೆಡಿಕೇರ್ ರೋಗಿಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿಸ್ಚಾರ್ಜ್ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗಿದ್ದರು. ಶಸ್ತ್ರಚಿಕಿತ್ಸೆ ಇಲ್ಲದ ಕಾಯಿಲೆಗಳಿಗೆ ದಾಖಲಾಗಿ ಹಾಗೆ ವಾಪಸಾದವರಲ್ಲಿ ಅರ್ಧದಷ್ಟು ಜನ ನಡುವೆ ಒಬ್ಬ ಡಾಕ್ಟರನ್ನೂ ಕಂಡ ದಾಖಲೆ ಇರಲಿಲ್ಲ.

‘ಹೇಗಿದ್ದೀರಿ’ ಕುಶಲದ ಮಾತು. ಉತ್ತರವೂ ಕುಶಲದ್ದೇ ಬರುತ್ತದೆ. ಹೌದು, ಇಲ್ಲ ಎಂದು ಮುಗಿಸಲಾಗದ ಪ್ರಶ್ನೆ ಬೇಕು. ಮೊದಲು ಅಪಾಯದ ಲಕ್ಷಣ ಕೇಳಿ: ‘ರಾತ್ರಿ ಎಷ್ಟು ದಿಂಬು ಇಟ್ಟು ಮಲಗಿದ್ರಿ? ಮೆಟ್ಟಿಲು ಹತ್ತುವಾಗ ಎಲ್ಲಿ ನಿಂತುಕೊಂಡ್ರಿ? ಗಾಯದ ಪಟ್ಟಿ ಒದ್ದೆಯಾಗಿದೆಯಾ, ಯಾವ ಬಣ್ಣ?’ ಅಲ್ಲಿ ಕೆಟ್ಟ ಉತ್ತರ ಬಂದರೆ ಉಳಿದ ಪ್ರಶ್ನೆಗಳು ಕಾಯಲಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಆಮೇಲೆ ಮಾತ್ರೆ. ‘ಮಾತ್ರೆ ತಗೋತಿದ್ದೀರಾ’ ಎಂದು ಕೇಳಬೇಡಿ. ‘ಅಮ್ಮಾ, ಬೆಳಗ್ಗೆ ತಗೊಂಡ ಸ್ಟ್ರಿಪ್‌ಗಳನ್ನ ಕೈಗೆ ತಗೊಂಡು ಒಂದೊಂದೇ ಹೆಸರು ಓದಿ’ ಎನ್ನಿ. ಓದಲು ಬಾರದವರಾದರೆ ಮನೆಯಲ್ಲಿ ಯಾರಾದರೂ ಓದಲಿ. ಡಿಸ್ಚಾರ್ಜ್ ಚೀಟಿ ನಿಮ್ಮ ಮುಂದಿರಲಿ. ಬರೆದ ಏಳರಲ್ಲಿ ಐದೇ ಮನೆಗೆ ಬಂದಿರುವುದು, ನಿಲ್ಲಿಸಿದ ಹಳೆಯದು ಇನ್ನೂ ನಡೆಯುತ್ತಿರುವುದು ಹೊರಬೀಳುವುದು ಇಲ್ಲೇ.

ಮುಂದಿನ ಭೇಟಿಯ ದಿನ ಮಾತ್ರ ಕೇಳಿದರೆ ಸಾಲದು. ಜೊತೆಗೆ ಯಾರು ಬರುತ್ತಾರೆ, ಹೇಗೆ ಬರುತ್ತಾರೆ ಎಂದೂ ಕೇಳಿ. ಆಕ್ಸಿಜನ್, ವಾಕರ್, ಡ್ರೆಸ್ಸಿಂಗ್ ಸಾಮಾನು ಬಂದಿದೆಯೇ ನೋಡಿ. ಹೆಚ್ಚಿನವರು ಮರೆಯುವ ಒಂದು ವಿಷಯವಿದೆ: ಡಿಸ್ಚಾರ್ಜ್ ದಿನ ವರದಿ ಬಾಕಿ ಇದ್ದ ಪರೀಕ್ಷೆಗಳು. ಮೂತ್ರದ ಅಥವಾ ರಕ್ತದ ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ವರದಿಗೆ ಎರಡು ದಿನದಿಂದ ಐದು ದಿನವಾಗಬಹುದು, ಬಯಾಪ್ಸಿಗೆ ಇನ್ನೂ ಹೆಚ್ಚು. ವರದಿ ಬರುವ ಹೊತ್ತಿಗೆ ವಾರ್ಡಿನಲ್ಲಿ ಆ ಹಾಸಿಗೆಯ ಮೇಲೆ ಬೇರೆಯವರು ಮಲಗಿರುತ್ತಾರೆ. ಅದನ್ನು ನೋಡುವವರು ಯಾರು ಎಂದು ಹೆಸರು ಹಿಡಿದು ಕೇಳಿ ಬರೆದುಕೊಳ್ಳಿ.

ಕೊನೆಗೆ, ಹೇಳಿದ್ದು ತಲುಪಿತೇ ಎಂದು ಪರೀಕ್ಷಿಸಿ. ‘ಅರ್ಥ ಆಯ್ತಾ’ ಎಂದರೆ ಎಲ್ಲರೂ ಆಯ್ತು ಎನ್ನುತ್ತಾರೆ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡ್ಕೋಬೇಕು. ಸಂಜೆ ಮಗ ಬಂದರೆ ಈ ನೀರಿನ ಮಾತ್ರೆ ವಿಷಯ ಅವನಿಗೆ ಹೇಗೆ ಹೇಳ್ತೀರಿ, ಸ್ವಲ್ಪ ಹೇಳಿ’ ಎನ್ನಿ. ಪರೀಕ್ಷೆಗೆ ಕೂತದ್ದು ಅವರಲ್ಲ, ನೀವು ಎಂಬ ಧಾಟಿ ಇರಲಿ. ಹೇಳಲು ತಡವರಿಸಿದರೆ ನೀವು ಬೇರೆ ಮಾತಿನಲ್ಲಿ ಮತ್ತೆ ಹೇಳಬೇಕು, ಅದೇ ಮಾತನ್ನು ಜೋರಾಗಿ ಹೇಳಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ಮನೆಗೆ ಹೋದರೆ ಎರಡು ಚೀಲ ತುಂಬ ಮಾತ್ರೆ ತಂದು ಮುಂದಿಡುತ್ತಾರೆ. ಎಲ್ಲಿಂದ ಶುರು ಮಾಡಲಿ?

ನೆಲದ ಮೇಲೆ ಚಾಪೆ ಹಾಸಿ, ಎಲ್ಲವನ್ನೂ ಸುರಿಯಿರಿ. ‘ಇಷ್ಟೇನಾ?’ ಎಂದು ಕೇಳಿ. ಫ್ರಿಜ್ಜಿನ ಇನ್ಸುಲಿನ್, ಕಣ್ಣಿನ ಹನಿ, ಇನ್‌ಹೇಲರ್, ಮುಲಾಮು, ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆ, ಗಿಡಮೂಲಿಕೆಯ ಔಷಧಿ ಇವೆಲ್ಲ ‘ಮಾತ್ರೆ’ಯ ಲೆಕ್ಕಕ್ಕೆ ಬರುವುದಿಲ್ಲವೆಂದು ಜನ ತರುವುದೇ ಇಲ್ಲ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆಯಿರಿ: ಕಂಪನಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ, ಬರೆದವರು ಯಾರು, ಚೀಟಿಯಲ್ಲಿ ಹೇಗಿದೆ, ನಿಜಕ್ಕೂ ಹೇಗೆ ತೆಗೆದುಕೊಳ್ಳುತ್ತಿದ್ದಾರೆ. ಕೊನೆಯ ಎರಡು ಕಾಲಂ ಒಂದೇ ಆಗಿರುವುದು ಅಪರೂಪ.

ಆಮೇಲೆ ಮೂರು ಗುಡ್ಡೆ: ನಡೆಯುತ್ತಿರುವುದು, ನಿಲ್ಲಿಸಿದ್ದು, ಗೊತ್ತಾಗದ್ದು. ಮೂರನೆಯ ಗುಡ್ಡೆಯನ್ನು ಡಾಕ್ಟರಿಗೋ ಫಾರ್ಮಸಿಸ್ಟ್‌ಗೋ ತೋರಿಸಬೇಕು. ನೀವಾಗಿ ಏನನ್ನೂ ಎಸೆಯಬೇಡಿ, ನಿಲ್ಲಿಸಿ ಎಂದೂ ಹೇಳಬೇಡಿ. ಕೆಳಗಿನವು ಕಂಡರೆ ಮಾತ್ರ ನಾಳೆಗೆ ಬಿಡದೆ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ.

ಒಂದೇ ಔಷಧ ಎರಡು ಕಂಪನಿ ಹೆಸರಿನಲ್ಲಿ. ಆಸ್ಪತ್ರೆಯವರು ಒಂದು ಹೆಸರಿನಲ್ಲಿ ಕೊಟ್ಟಿರುತ್ತಾರೆ, ಮನೆಯಲ್ಲಿ ಹಳೆಯ ಹೆಸರಿನದು ಇರುತ್ತದೆ, ರೋಗಿ ಎರಡನ್ನೂ ನುಂಗುತ್ತಾರೆ. ಬಿಪಿ, ಶುಗರ್ ಮಾತ್ರೆಗಳಲ್ಲಿ ಇದು ತೀರಾ ಸಾಮಾನ್ಯ.

ಮೆಥೊಟ್ರೆಕ್ಸೇಟ್. ಕೀಲುವಾತಕ್ಕೂ ಸೋರಿಯಾಸಿಸ್‌ಗೂ ಇದನ್ನು ವಾರಕ್ಕೊಮ್ಮೆ ಮಾತ್ರ ಕೊಡುವುದು. ದಿನಾ ತೆಗೆದುಕೊಂಡರೆ ಬಾಯಿ ಹುಣ್ಣಿನಿಂದ ಶುರುವಾಗಿ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು. ಸ್ಟ್ರಿಪ್‌ನಲ್ಲಿ ಎಷ್ಟು ಖಾಲಿಯಾಗಿದೆ ಎಣಿಸಿ. ವಾರದ ಯಾವ ದಿನ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆಸಿ.

ನೀರಿನ ಮಾತ್ರೆ, ಹೆಸರಿನ ಕೊನೆಗೆ ‘ಪ್ರಿಲ್’ ಅಥವಾ ‘ಸಾರ್ಟನ್’ ಎಂದಿರುವ ಬಿಪಿ ಮಾತ್ರೆ, ಜೊತೆಗೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ. ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಮೂರನೆಯದು ಹೆಚ್ಚಾಗಿ ಚೀಟಿಯಲ್ಲಿರುವುದಿಲ್ಲ, ಜೇಬಿನಲ್ಲೋ ದಿಂಬಿನ ಕೆಳಗೋ ಇರುತ್ತದೆ.

ಇನ್ಸುಲಿನ್ ಇದ್ದರೆ ಬಾಟಲಿ ತೆರೆದ ದಿನಾಂಕ ಕೇಳಿ. ತೆರೆಯದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ತೆರೆದದ್ದು ಸಾಮಾನ್ಯವಾಗಿ 28 ದಿನ, ಕೆಲವಕ್ಕೆ ಬೇರೆ ಲೆಕ್ಕವಿದೆ, ಡಬ್ಬಿಯ ಮೇಲೆ ನೋಡಿ. ಫ್ರೀಜರಿನ ಗೋಡೆಗೆ ತಾಗಿ ಒಮ್ಮೆ ಗಟ್ಟಿಯಾದದ್ದನ್ನು ಬಳಸುವಂತಿಲ್ಲ, ಕರಗಿದ ಮೇಲೆ ನೋಡಲು ಸರಿಯಾಗಿದ್ದರೂ ಸಹ.

ಪ್ರಶ್ನೆ: ಡಾಕ್ಟರಿಗೆ ಫೋನ್ ಮಾಡಿದರೆ ‘ಏನ್ ಬೇಕು ಬೇಗ ಹೇಳಿ’ ಎನ್ನುತ್ತಾರೆ. ನನಗೆ ತೊದಲುತ್ತದೆ.

ಅವರಿಗೆ ಸಿಡುಕು ಬರುವುದು ಕಥೆ ಹಿಂದಿನಿಂದ ಶುರುವಾದಾಗ. ಅಮೆರಿಕದ ನೌಕಾದಳದ ಅಣು ಸಬ್‌ಮೆರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದ ಒಂದು ಕ್ರಮವಿದೆ, ಎಸ್‌ಬಿಎಆರ್ ಎನ್ನುತ್ತಾರೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ನಾಲ್ಕೂ ಸೇರಿ ಒಂದು ನಿಮಿಷದೊಳಗೆ ಮುಗಿಯಬೇಕು. ಹೀಗೆ:

‘ಡಾಕ್ಟ್ರೇ, ಕೇರ್ ಕೋಆರ್ಡಿನೇಟರ್ ಮಾತಾಡ್ತಿರೋದು. ನಿಮ್ಮ ಹಾರ್ಟ್ ಫೇಲ್ಯೂರ್ ಪೇಷೆಂಟ್, 68 ವರ್ಷ, ಮೂರು ದಿನದಲ್ಲಿ 61.2 ಕೆಜಿಯಿಂದ 63.8 ಆಗಿದ್ದಾರೆ, ನಿನ್ನೆ ರಾತ್ರಿ ಕೂತೇ ನಿದ್ದೆ ಮಾಡಿದ್ದಾರೆ. ಡಿಸ್ಚಾರ್ಜ್ ಆಗಿ 12 ದಿನ. ನೀರಿನ ಮಾತ್ರೆ ಫ್ಯೂರೊಸೆಮೈಡ್ 40 ಮಿಲಿಗ್ರಾಂ ಬೆಳಗ್ಗೆ ಒಂದು ತಗೋತಿದ್ದಾರೆ. ನಾಲ್ಕು ದಿನದಿಂದ ಮೊಣಕಾಲು ನೋವಿಗೆ ಡೈಕ್ಲೊಫೆನಾಕ್ ತಾವೇ ತಂದು ನುಂಗ್ತಿದ್ದಾರೆ. ಈಗ ಬಿಪಿ 138/84, ನಾಡಿ 96. ಮೈಯಲ್ಲಿ ನೀರು ತುಂಬ್ತಿದೆ ಅನ್ಸುತ್ತೆ. ಇವತ್ತೇ ನೋಡಬೇಕು. ನಿಮ್ಮ ಹತ್ರ ಕರ್ಕೊಂಡು ಬರಲಾ, ಎಮರ್ಜೆನ್ಸಿಗೇ ಕಳಿಸಲಾ? ನೋವಿನ ಮಾತ್ರೆ ಏನು ಮಾಡ್ಲಿ?’

ಮೂರು ದಿನದಲ್ಲಿ 2 ಕೆಜಿಗಿಂತ ಹೆಚ್ಚು ತೂಕ ಏರುವುದು ಹಾರ್ಟ್ ಫೇಲ್ಯೂರ್‌ನಲ್ಲಿ, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿಯಲ್ಲಿ, ಒಪ್ಪಿತ ಎಚ್ಚರಿಕೆಯ ಗೆರೆ. ತೂಕ ನಂಬುವಂತಿರಬೇಕಾದರೆ ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಅಷ್ಟೇ ಬಟ್ಟೆಯಲ್ಲಿ, ಅದೇ ತಕ್ಕಡಿಯ ಮೇಲೆ ನೋಡಿರಬೇಕು. ತಕ್ಕಡಿ ಗಟ್ಟಿ ನೆಲದ ಮೇಲಿರಲಿ, ಚಾಪೆ ಅಥವಾ ಕಾರ್ಪೆಟ್ ಮೇಲಿಟ್ಟರೆ ಲೆಕ್ಕ ತಪ್ಪುತ್ತದೆ. ಡಾಕ್ಟರು ಹೇಳಿದ್ದನ್ನು ಫೋನಿಡುವ ಮೊದಲು ಅವರಿಗೇ ಓದಿ ಹೇಳಿ, ಸರಿ ಎನ್ನಿಸಿಕೊಳ್ಳಿ. ಇಂಗ್ಲಿಷಿನ ಹದಿನೈದೂ ಐವತ್ತೂ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ‘ಒನ್ ಫೈವ್’, ‘ಫೈವ್ ಜೀರೋ’ ಎಂದು ಬಿಡಿಸಿ ಹೇಳಿ.

ಪ್ರಶ್ನೆ: ರೋಗಿ ಮಾತ್ರೆ ನಿಲ್ಲಿಸಲೇ, ಮುಂದುವರಿಸಲೇ ಎಂದು ನನ್ನನ್ನೇ ಕೇಳುತ್ತಾರೆ. ಗೊತ್ತಿದ್ದರೂ ಹೇಳಬಾರದೇ?

ಹೇಳಬಾರದು. ‘ಕೇಳಿ ಇಷ್ಟು ಗಂಟೆಯೊಳಗೆ ಹೇಳುತ್ತೇನೆ’ ಎನ್ನಬಹುದು, ಹೇಳಿದ ಗಂಟೆಗೆ ಫೋನ್ ಮಾಡಲೂ ಬೇಕು. ಆದರೆ ಡಾಕ್ಟರು ಮೊದಲೇ ಬರೆದುಕೊಟ್ಟ ಯೋಜನೆ ಇದ್ದರೆ ಅದನ್ನು ನೆನಪಿಸುವುದು ನಿಮ್ಮ ಕೆಲಸವೇ. ಉದಾಹರಣೆಗೆ, ಶುಗರ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು, ರೋಗಿ ಎಚ್ಚರವಿದ್ದು ನುಂಗಲು ಬಂದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಇನ್ನೂ ಕಡಿಮೆಯಿದ್ದರೆ ಇನ್ನೊಮ್ಮೆ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕಬಾರದು, ಆಂಬುಲೆನ್ಸ್ ಕರೆಯಬೇಕು.

ಮುಖ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಸ್ಟ್ರೋಕ್ (ಪಾರ್ಶ್ವವಾಯು) ಇರಬಹುದು, ಯಾರ ಅನುಮತಿಗೂ ಕಾಯಬೇಡಿ. ಆಂಬುಲೆನ್ಸ್ ಕರೆಯಿರಿ. ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ’ ಎಂದು ಮನೆಯವರಿಂದ ಕೇಳಿ ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆ ಲೆಕ್ಕ ಶುರುವಾಗುವುದು ನೀವು ಬರೆದ ಸಮಯದಿಂದ.

ಪ್ರಶ್ನೆ: ರೆಫರಲ್ (ಬೇರೆ ಡಾಕ್ಟರನ್ನು ಕಾಣಲು ಅಥವಾ ಪರೀಕ್ಷೆಗೆ ಕಳಿಸುವ ಚೀಟಿ) ಬರೆಸಿ ಕಳಿಸುತ್ತೇನೆ. ತಿಂಗಳ ಮೇಲೆ ನೋಡಿದರೆ ಅರ್ಧ ಜನ ಹೋಗಿಯೇ ಇಲ್ಲ.

ಚೀಟಿ ಕೈಗೆ ಕೊಟ್ಟದ್ದನ್ನು ‘ರೆಫರಲ್ ಆಯಿತು’ ಎಂದು ಟಿಕ್ ಹಾಕುವ ರಿಜಿಸ್ಟರ್ ಇದ್ದರೆ ಮೊದಲು ಅದನ್ನು ಬದಲಿಸಿ. ಚೀಟಿ ತಲುಪಿತು, ದಿನ ಗೊತ್ತಾಯಿತು, ರೋಗಿ ಹೋದರು, ವರದಿ ವಾಪಸ್ ಬಂತು, ಕಳಿಸಿದ ಡಾಕ್ಟರು ಓದಿದರು, ರೋಗಿಗೆ ತಿಳಿಸಿದೆವು. ಈ ಆರಕ್ಕೂ ದಿನಾಂಕದ ಕಾಲಂ ಇರಲಿ, ಆರನೆಯದು ತುಂಬುವವರೆಗೆ ಸಾಲು ಮುಚ್ಚಬೇಡಿ. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಖಾಲಿ ಚೌಕಗಳನ್ನು ಮಾತ್ರ ನೋಡಿ. ಯಾವ ಕಾಲಂನಲ್ಲಿ ಸಾಲುಗಳು ಗುಂಪಾಗಿ ನಿಂತಿವೆಯೋ ಅಲ್ಲೇ ವ್ಯವಸ್ಥೆ ಸೋರುತ್ತಿದೆ. ‘ದಿನ ಗೊತ್ತಾಯಿತು’ ತುಂಬಿ ‘ಹೋದರು’ ಖಾಲಿಯಿದ್ದರೆ ತೊಡಕು ರೋಗಿಯ ಕಡೆಯದು. ‘ಹೋದರು’ ತುಂಬಿ ‘ವರದಿ’ ಖಾಲಿಯಿದ್ದರೆ ಆ ಕ್ಲಿನಿಕ್ಕಿನ ಕಚೇರಿಯಲ್ಲಿ ಮಾತಾಡಬೇಕು.

‘ಯಾಕೆ ಹೋಗಲಿಲ್ಲ’ ಎಂದರೆ ತಪ್ಪೊಪ್ಪಿಸಿದಂತೆ ಕೇಳುತ್ತದೆ, ನೆಪ ಬರುತ್ತದೆ. ‘ಹೋಗೋಕೆ ಏನು ಅಡ್ಡಿಯಾಯ್ತು’ ಎನ್ನಿ. ಒಂದು ದಿನದ ಕೂಲಿ, ಜೊತೆಗೆ ಬರಲು ಆಳಿಲ್ಲ, ಸ್ಕ್ಯಾನ್ ಯಂತ್ರದ ಹೆದರಿಕೆ, ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಯಾರೂ ಹೇಳದೆ ಹೋಗಿ ವಾಪಸಾದದ್ದು: ನಿಜವಾದ ಕಾರಣಗಳು ಇಂಥವು, ಇವುಗಳಲ್ಲಿ ಕೆಲವಕ್ಕಾದರೂ ನಿಮ್ಮ ಬಳಿ ಉಪಾಯವಿದೆ. ಹೋಗುವುದಿಲ್ಲ ಎಂದು ತಿಳಿದೇ ನಿರ್ಧರಿಸಿದವರ ನಿರ್ಧಾರವನ್ನೂ ಹಾಗೆಯೇ ಬರೆದು ಡಾಕ್ಟರಿಗೆ ತಿಳಿಸಿ. ಅದೂ ಒಂದು ಉತ್ತರವೇ.

ಪ್ರಶ್ನೆ: ನನ್ನ ಪಟ್ಟಿಯಲ್ಲಿ 140 ಜನರಿದ್ದಾರೆ. ಮೊದಲು ಯಾರನ್ನು ನೋಡಲಿ?

ಎಲ್ಲರಿಗೂ ತಿಂಗಳಿಗೊಂದು ಫೋನ್ ಎಂದು ಹಂಚಿದರೆ ನ್ಯಾಯವೆನಿಸುತ್ತದೆ, ಉಪಯೋಗ ಕಡಿಮೆ. ಈ ವಾರ ಏನಾದರೂ ಬದಲಾದವರು ಮೊದಲು: ಡಿಸ್ಚಾರ್ಜ್ ಆದವರು, ಹೊಸ ಔಷಧಿ ಶುರುವಾದವರು, ಬಿದ್ದವರು, ನೋಡಿಕೊಳ್ಳುತ್ತಿದ್ದವರು ಊರಿಗೆ ಹೋದವರು. ಆಮೇಲೆ ಗುರಿ ಮುಟ್ಟದವರು, ಉದಾಹರಣೆಗೆ ಮೂರು ತಿಂಗಳಿಗೊಮ್ಮೆ ನೋಡುವ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಇಳಿಯದವರು. ಸ್ಥಿರವಾಗಿರುವವರಿಗೆ ಮೂರು ತಿಂಗಳಿಗೊಂದು ಫೋನ್ ಸಾಕು. ಪಟ್ಟಿಯಿಂದ ಬಿಡುವ ನಿಯಮವೂ ಬೇಕು, ಇಲ್ಲದಿದ್ದರೆ 140 ಮುಂದಿನ ವರ್ಷ 200 ಆಗುತ್ತದೆ.

ಇಲ್ಲೊಂದು ಎಚ್ಚರಿಕೆ. ಹೋದ ವರ್ಷ ಅತಿ ಹೆಚ್ಚು ಸಲ ಆಸ್ಪತ್ರೆ ಸೇರಿದವರನ್ನು ಆರಿಸಿ, ಈ ವರ್ಷ ಅವರ ದಾಖಲಾತಿ ಇಳಿದರೆ ಅದು ನಮ್ಮ ಶ್ರಮದ ಫಲ ಎಂದು ತಂಡಗಳು ವರದಿ ಬರೆಯುತ್ತವೆ. ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಇಂಥದೇ ಹೆಸರಾಂತ ಕಾರ್ಯಕ್ರಮವನ್ನು 800 ರೋಗಿಗಳಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಫಲಿತಾಂಶ 2020ರಲ್ಲಿ ಬಂತು: 180 ದಿನದೊಳಗೆ ಮತ್ತೆ ದಾಖಲಾದವರು ಕಾರ್ಯಕ್ರಮದಲ್ಲಿದ್ದವರಲ್ಲಿ ಶೇ. 62.3, ಇಲ್ಲದವರಲ್ಲಿ ಶೇ. 61.7. ಎರಡೂ ಗುಂಪಿನಲ್ಲಿ ದಾಖಲಾತಿ ಇಳಿದಿತ್ತು. ತೀರಾ ಕೆಟ್ಟ ಆರು ತಿಂಗಳ ನಂತರದ ಆರು ತಿಂಗಳು ಹೇಗೂ ಸ್ವಲ್ಪ ಉತ್ತಮವಾಗಿರುತ್ತದೆ. ಸಂಯೋಜನೆಯೇ ವ್ಯರ್ಥವೆಂದು ಇದರ ಅರ್ಥವಲ್ಲ. ಕಳಿಸಿಕೊಡಲು ಮನೆ, ವ್ಯಸನ ಚಿಕಿತ್ಸೆ, ಡಾಕ್ಟರ ಬಿಡುವು ಇಲ್ಲದ ಕಡೆ ಫೋನು ಮಾತ್ರದಿಂದ ಆಗುವುದು ಕಡಿಮೆ. ನಿಮ್ಮ ವರದಿಯಲ್ಲಿ ದಾಖಲಾತಿ ಇಳಿದ ಸಂಖ್ಯೆಗಿಂತ ಮುಚ್ಚಿದ ರೆಫರಲ್, ಸರಿಪಡಿಸಿದ ಮಾತ್ರೆ ಪಟ್ಟಿ, 7 ದಿನದೊಳಗಿನ ಭೇಟಿ ಇವನ್ನು ತೋರಿಸಿ.

ಪ್ರಶ್ನೆ: ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದೇನೆ. ಬರುವ ಕೋಆರ್ಡಿನೇಟರ್ ಅವರ ಬಗ್ಗೆ ಕೇಳುವುದಕ್ಕಿಂತ ನನ್ನ ಬಗ್ಗೆಯೇ ಹೆಚ್ಚು ಕೇಳುತ್ತಾರೆ. ಏಕೆ?

ಸರಿಯಾಗಿಯೇ ಕೇಳುತ್ತಿದ್ದಾರೆ. ನೀವು ಮಲಗಿದರೆ ಇಬ್ಬರು ರೋಗಿಗಳಾಗುತ್ತಾರೆ. ರಾತ್ರಿ ಎಷ್ಟು ಸಲ ಏಳುತ್ತೀರಿ, ಎತ್ತುವಾಗ ಜೊತೆಗೆ ಯಾರಿರುತ್ತಾರೆ, ನಿಮ್ಮ ಬಿಪಿ ಮಾತ್ರೆ ತಪ್ಪುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸಿ. ಅತ್ತೆಯವರ ವಿಷಯದಲ್ಲಿ ನೀವು ದಿನಾ ನೋಡಬೇಕಾದ್ದು ಚರ್ಮ: ಬೆನ್ನಿನ ಕೆಳಗಿನ ಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಮೆತ್ತಗೋ ಇದೆಯೇ ಎಂದು ಮುಟ್ಟಿ ನೋಡಿ. ಆ ಜಾಗವನ್ನು ಉಜ್ಜಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾಡಿಕೆ, ಹಾಸಿಗೆ ಮತ್ತು ಚರ್ಮ ನೋಡಿ ನರ್ಸು ಅಂತರ ಹೆಚ್ಚುಕಡಿಮೆ ಮಾಡಬಹುದು. ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮೀನಖಂಡದ ಕೆಳಗೆ ದಿಂಬಿಡಿ.

ಪ್ರಶ್ನೆ: ‘ಅಪ್ಪನಿಗೆ ಕಾಯಿಲೆಯ ಹೆಸರು ಹೇಳಬೇಡಿ’ ಎಂದು ಮಗ, ‘ಮಗನಿಗೆ ಹೇಳಬೇಡ’ ಎಂದು ಅಪ್ಪ. ನಡುವೆ ನಾನು.

ಮೊದಲ ಭೇಟಿಯಲ್ಲೇ, ಇನ್ನೂ ಯಾವ ಗುಟ್ಟೂ ಹುಟ್ಟದಿರುವಾಗ, ರೋಗಿಯನ್ನು ಒಬ್ಬರೇ ಇದ್ದಾಗ ಕೇಳಿ: ನಿಮ್ಮ ವಿಷಯ ಯಾರಿಗೆ, ಎಷ್ಟು ಹೇಳಬಹುದು? ಬರೆದು ಸಹಿ ಹಾಕಿಸಿ. ಆಮೇಲೆ ಮಗನಿಗೆ ‘ಅವರು ಕೇಳದೆ ನಾನಾಗಿ ಹೇಳುವುದಿಲ್ಲ, ಕೇಳಿದರೆ ಸುಳ್ಳು ಹೇಳುವುದಿಲ್ಲ, ಡಾಕ್ಟರ ಮುಂದೆ ಕೂರಿಸುತ್ತೇನೆ’ ಎನ್ನಿ. ಫೋನ್ ಬೇರೆಯವರು ಎತ್ತಿದರೆ ನಿಮ್ಮ ಹೆಸರು, ನಂಬರು ಮಾತ್ರ ಹೇಳಿ. ಕ್ಷಯ, ಎಚ್‌ಐವಿ, ಮಾನಸಿಕ ಆರೋಗ್ಯ ಎಂಬ ವಿಭಾಗದ ಹೆಸರೂ ಬಾಯಿಗೆ ಬರಬಾರದು. ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಚೀಟಿಯ ಫೋಟೋ ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಪ್ರಶ್ನೆ: ಬರೆಯುವುದಕ್ಕೇ ಅರ್ಧ ದಿನ ಹೋಗುತ್ತದೆ. ಎಷ್ಟು ಬರೆದರೆ ಸಾಕು?

ನಾಳೆ ನೀವು ರಜೆ ಹಾಕಿದರೆ ನಿಮ್ಮ ಜಾಗದಲ್ಲಿ ಕೂರುವವರು ಯಾರಿಗೂ ಫೋನ್ ಮಾಡದೆ ಕೆಲಸ ಮುಂದುವರಿಸಬೇಕು, ಅಷ್ಟು. ‘ರೋಗಿಗೆ ತಿಳಿವಳಿಕೆ ನೀಡಲಾಯಿತು, ಫಾಲೋ ಅಪ್ ಮಾಡಬೇಕು’ ಎಂಬ ಸಾಲು ಎಷ್ಟು ಸಲ ಬರೆದರೂ ಅವರಿಗೆ ಉಪಯೋಗವಿಲ್ಲ: ಏನು ತಿಳಿಸಿದಿರಿ, ಯಾರು, ಯಾವತ್ತು ಮಾಡಬೇಕು? ಮೇಲೆ ಹೇಳಿದ ಹಾರ್ಟ್ ಫೇಲ್ಯೂರ್ ರೋಗಿಯ ಟಿಪ್ಪಣಿ ಹೀಗಿದ್ದರೆ ಸಾಕು:

‘ಬೆ. 10.20. ತೂಕ 63.8 (3 ದಿನದಲ್ಲಿ +2.6). ರಾತ್ರಿ ಕೂತು ನಿದ್ದೆ. ಡೈಕ್ಲೊಫೆನಾಕ್ 4 ದಿನದಿಂದ, ಸ್ವಂತ ಖರೀದಿ. 10.35ಕ್ಕೆ ಡಾಕ್ಟರಿಗೆ ಫೋನ್: ಡೈಕ್ಲೊಫೆನಾಕ್ ನಿಲ್ಲಿಸಲು, 12ರೊಳಗೆ ಕರೆತರಲು ಹೇಳಿದರು, ಓದಿ ಖಚಿತಪಡಿಸಿದೆ. ಮಗಳು ಕರೆತರುತ್ತಾರೆ. ಬಾಕಿ: ಕಿಡ್ನಿ ಪರೀಕ್ಷೆ ವರದಿ, ಲ್ಯಾಬಿಗೆ ಸಂಜೆ 4ಕ್ಕೆ ನಾನು ಕೇಳಬೇಕು. ನಾಳೆ ಬೆ. 9ಕ್ಕೆ ತೂಕ ಕೇಳಲು ಫೋನ್.’